ಹಿಮನದಿಗೆ ಹೋಗುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಈಗ ಇರುವ ಊರು ಲಾಂಗ್‌ಇಯರ್‌ಬಿಯೆನ್. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿದೆ. ಇಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು 1,300 ಕಿಲೋಮೀಟರ್ ಅಷ್ಟೇ. ಹಿಮದಲ್ಲಿ ಎಷ್ಟು ಮಸಿ ಸೇರಿದೆ ಎಂದು ಅಳೆಯುವ ಕೆಲಸಕ್ಕೆ ಫೆಲೋಶಿಪ್ ಸಿಕ್ಕಿ ಬಂದಿದ್ದೇನೆ. ಎಲ್ಲೋ ದೂರದಲ್ಲಿ ಉರಿದ ಕಲ್ಲಿದ್ದಲು, ಡೀಸೆಲ್, ಕಾಡಿನ ಮಸಿ ಗಾಳಿಯಲ್ಲಿ ತೇಲಿ ಬಂದು ಇಲ್ಲಿ ಇಳಿಯುತ್ತದೆ. ಬಿಳಿ ಹಿಮ ಸ್ವಲ್ಪ ಕಪ್ಪಾದರೂ ಸಾಕು, ಬಿಸಿಲನ್ನು ಜಾಸ್ತಿ ಹೀರಿ ಬೇಗ ಕರಗುತ್ತದೆ.

ನಾನು ಬಂದಾಗ ಜನವರಿ. ಅಕ್ಟೋಬರ್ ಕೊನೆಯಲ್ಲಿ ಮುಳುಗಿದ ಸೂರ್ಯ ಇಲ್ಲಿ ಮತ್ತೆ ಮೇಲೇಳುವುದು ಫೆಬ್ರವರಿಯಲ್ಲಿ. ಸುತ್ತ ಬೆಟ್ಟಗಳಿರುವುದರಿಂದ ಊರೊಳಗೆ ಬಿಸಿಲು ಬೀಳಲು ಮಾರ್ಚ್ 8ರವರೆಗೆ ಕಾಯಬೇಕು. ಆ ದಿನ ಮಕ್ಕಳು ಮರಿ ಎಲ್ಲ ಹಳೆಯ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಸೇರಿ, ಹಾಡಿ ಸೂರ್ಯನನ್ನು ಕರೆಯುತ್ತಾರೆ. ನಮ್ಮ ಸಂಕ್ರಾಂತಿ ನೆನಪಾಗದೆ ಇರುತ್ತದೆಯೇ? ಇನ್ನೊಂದು ವಿಷಯವೂ ನನಗೆ ತುಂಬಾ ಹಿಡಿಸಿತು. ಹೋಟೆಲ್ಲಿರಲಿ, ಮ್ಯೂಸಿಯಂ ಇರಲಿ, ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ. ಗಣಿ ಕೆಲಸಗಾರರ ಕಾಲಿನ ಕಲ್ಲಿದ್ದಲ ಪುಡಿ ಒಳಗೆ ಬರಬಾರದೆಂದು ಶುರುವಾದ ರೂಢಿಯಂತೆ. ಇಲ್ಲಿನ ಕೊನೆಯ ನಾರ್ವೇಜಿಯನ್ ಗಣಿ 2025ರಲ್ಲಿ ಮುಚ್ಚಿತು. ರೂಢಿ ಮಾತ್ರ ಉಳಿದಿದೆ.

ಮನೆ, ಬ್ಯಾಂಕ್, ಕಾಗದಪತ್ರ ಎಲ್ಲ ನಿಧಾನವಾಗಿ ಸರಿಹೋದವು. ಅಕ್ಕಿ ಅಂಗಡಿಯಲ್ಲೇ ಸಿಗುತ್ತದೆ. ಸಾರಿನ ಪುಡಿ ಊರಿಂದ ತಂದಿದ್ದೇನೆ.

ನಿಜವಾಗಿ ಹೇಳಬೇಕಾದದ್ದು ತಯಾರಿಯ ವಿಷಯ. ಹಿಮದ ಒಂದು ಚಮಚ ಮಾದರಿ ತೆಗೆಯುವ ಮೊದಲು ಇಲ್ಲಿ ಕಲಿಸುವುದು, ಹೋದವರು ಜೀವಂತವಾಗಿ ಹಿಂದಿರುಗುವುದು ಹೇಗೆ ಎನ್ನುವುದನ್ನು. ಊರು ದಾಟಿದರೆ ಹಿಮಕರಡಿ ಎದುರಾಗಬಹುದು. 1973ರಿಂದ ಅದಕ್ಕೆ ಪೂರ್ಣ ರಕ್ಷಣೆ ಇದೆ. ಹಾಗಾಗಿ ಮೊದಲು ದೂರ ಇರುವುದನ್ನು ಕಲಿಯಬೇಕು, ಆಮೇಲೆ ಸದ್ದು, ಬೆಳಕು ಹೊಮ್ಮಿಸುವ ಸಿಗ್ನಲ್ ಪಿಸ್ತೂಲಿನಿಂದ ಹೆದರಿಸುವುದನ್ನು. ಬಂದೂಕು ಕೊನೆಯ ದಾರಿ. ಈಗಿನ ನಿಯಮದಂತೆ ಕರಡಿಯಿಂದ ಕನಿಷ್ಠ 300 ಮೀಟರ್ ದೂರವಿರಬೇಕು. ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ನಾವು ಬಗ್ಗಿ ಹಿಮ ಅಗೆಯುವಾಗ ನಮ್ಮಲ್ಲೊಬ್ಬರು ಸುಮ್ನೆ ನಿಂತು ಸುತ್ತ ನೋಡುತ್ತಿರುತ್ತಾರೆ. ಅವರಿಗೆ ಬೇರೆ ಕೆಲಸ ಕೊಡುವಂತಿಲ್ಲ.

ಹಿಮಕುಸಿತದ ತರಬೇತಿಯಲ್ಲಿ ಯಾರೂ ಮಾತಾಡಲಿಲ್ಲ. 2015ರ ಡಿಸೆಂಬರ್‌ನಲ್ಲಿ ಇದೇ ಊರಿನ ಮನೆಗಳ ಮೇಲೆ ಹಿಮ ಕುಸಿದು ಇಬ್ಬರು ಸತ್ತರು. ಎದೆಗೆ ಕಟ್ಟಿಕೊಂಡ ಪುಟ್ಟ ಟ್ರಾನ್ಸ್‌ಮೀಟರ್‌ನ ರೇಡಿಯೋ ಸಂಕೇತ ಹಿಡಿದು, ಹಿಮದಡಿ ಹೂತವರನ್ನು ಹುಡುಕಿ ಅಗೆಯಬೇಕು. ಮೊದಲ ಹತ್ತು ಹದಿನೈದು ನಿಮಿಷವೇ ಮುಖ್ಯ. ಹೊರಗಿನಿಂದ ಸಹಾಯ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಜೊತೆಗಿರುವವರೇ ದಿಕ್ಕು.

ಆಗ ನನಗೆ ನಮ್ಮ ಪಶ್ಚಿಮ ಘಟ್ಟದಲ್ಲಿ ಓಡಾಡುವ ಸಂಶೋಧನಾ ವಿದ್ಯಾರ್ಥಿಗಳು ನೆನಪಾದರು. ಕಪ್ಪೆ, ಹಾವು, ಹೊಳೆ ನೀರು ಅಂತ ಮಳೆಗಾಲದಲ್ಲೂ ಕಾಡು ಹೊಗುತ್ತಾರೆ. ಹಾವು ಕಚ್ಚಿದರೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆ, ಹೊಳೆ ಏರಿದರೆ ಯಾವ ದಾರಿ ಹಿಡಿಯಬೇಕು, ಸಂಜೆ ಬಾರದಿದ್ದರೆ ಯಾರು ಹುಡುಕಿಕೊಂಡು ಬರುತ್ತಾರೆ? ಇದನ್ನು ಪಾಠವಾಗಿ ಕಲಿಸುವುದು ಪ್ರತಿ ವಿಭಾಗದ ಕರ್ತವ್ಯ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಧೈರ್ಯವಂತ ಹುಡುಗ ಹುಡುಗಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರ ಧೈರ್ಯವನ್ನೇ ನೆಚ್ಚಿ ಕೂರುವುದು ತಪ್ಪು ಅಲ್ವಾ?

ಉಳಿದದ್ದು ಸಣ್ಣಪುಟ್ಟ ಸಿದ್ಧತೆ. ಒಳಗೆ ಉಣ್ಣೆ ಬಟ್ಟೆ, ಹತ್ತಿ ಬೇಡ, ಬೆವರಿಗೆ ಒದ್ದೆಯಾದರೆ ಚಳಿ ಹಿಡಿಯುತ್ತದೆ. ಪೆನ್ನಿನ ಶಾಯಿ ಹೆಪ್ಪುಗಟ್ಟುವುದರಿಂದ ಪೆನ್ಸಿಲ್. ಬ್ಯಾಟರಿ ಒಳಜೇಬಿನಲ್ಲಿ. ಸ್ನೋ ಸ್ಕೂಟರ್ ಹೊಗೆಯೂ ಮಸಿಯೇ ಆದ್ದರಿಂದ ಅದನ್ನು ದೂರ ನಿಲ್ಲಿಸಿ, ಗಾಳಿ ಬರುವ ಕಡೆಗೆ ನಡೆದು ಹೋಗಿ ಹಿಮ ತೆಗೆಯಬೇಕು.

ಇಲ್ಲಿಂದ ಇನ್ನೂ ಉತ್ತರಕ್ಕೆ ನೀ-ಓಲೆಸುಂಡ್ ಇದೆ. ಭಾರತದ 'ಹಿಮಾದ್ರಿ' ಕೇಂದ್ರ 2008ರಿಂದ ಅಲ್ಲಿದೆ. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ. ಕೇಳುತ್ತಿರುವ ವಿಜ್ಞಾನದ ವಿದ್ಯಾರ್ಥಿಗಳೇ, ಆರ್ಕ್‌ಟಿಕ್ ಸಂಶೋಧನೆಗೆ ಅವರು ಪ್ರಸ್ತಾವ ಕರೆದಾಗ ನಿಮ್ಮ ಗೈಡ್ ಜೊತೆ ಕೂತು ಮಾತಾಡಿ. ನಮ್ಮ ತಂಡ ಏಪ್ರಿಲ್‌ನಲ್ಲಿ ಹಿಮನದಿಗೆ ಹೊರಡುತ್ತದೆ. ಆಗ ಇಲ್ಲಿ ರಾತ್ರಿಯಲ್ಲೂ ಬೆಳಕಿರುತ್ತದೆ.

ನಮಸ್ಕಾರ.