ಮತ್ತೆ ಸಿಕ್ಕ ಲೋಕ: ಒಂಬತ್ತು ಹುಡುಗಿಯರ ಒಂದು ಹಾಡು

2016ರ ಜುಲೈ 30. ದಕ್ಷಿಣ ಕೊರಿಯಾದ ಸಿಯೋಲ್‌ನ ಇಹ್ವಾ ಮಹಿಳಾ ವಿಶ್ವವಿದ್ಯಾಲಯ. ಆಡಳಿತ ತರಲು ಹೊರಟಿದ್ದ ಹೊಸ ಕಾಲೇಜಿನ ಯೋಜನೆ ಬೇಡ ಎಂದು ವಿದ್ಯಾರ್ಥಿನಿಯರು ಮುಖ್ಯ ಕಟ್ಟಡದಲ್ಲಿ ಧರಣಿ ಕೂತು ಎರಡು ದಿನವಾಗಿತ್ತು. ಒಳಗೆ ಸಿಕ್ಕಿಕೊಂಡಿದ್ದ ಸಿಬ್ಬಂದಿಯನ್ನು ಹೊರಗೆ ಕರೆತರಬೇಕು ಎಂದು ಸುಮಾರು 1,600 ಪೊಲೀಸರು ಬಂದರು. ಹುಡುಗಿಯರು ತೋಳಿಗೆ ತೋಳು ಹೆಣೆದುಕೊಂಡು ಹಾಡಲು ಶುರು ಮಾಡಿದರು. ಅದು ಹೋರಾಟದ ಹಾಡಲ್ಲ. ಒಂಬತ್ತು ವರ್ಷ ಹಳೆಯ ಒಂದು ಪಾಪ್ ಹಾಡು.

ನಮಸ್ಕಾರ. ಇವತ್ತು ಆ ಹಾಡಿನ ಬಗ್ಗೆ ಮಾತಾಡಬೇಕು. ಕೊರಿಯಾದ ಒಂಬತ್ತು ಹುಡುಗಿಯರ ಗರ್ಲ್ಸ್ ಜನರೇಷನ್ ತಂಡ 2007ರ ಆಗಸ್ಟ್‌ನಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಹಾಡಿದ 'ಇನ್‌ಟು ದ ನ್ಯೂ ವರ್ಲ್ಡ್'. ಏಷ್ಯಾದ ಹುಡುಗಿಯರ ತಂಡಗಳು ಹಾಡಿದ ಹಾಡುಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಹಾಡು ಅಳೆಯಲು ನನ್ನ ಹತ್ತಿರ ಒಂದು ಅಳತೆ ಇದೆ. ಶಾಲೆಯ ಪ್ರವಾಸದ ಬಸ್ ನೆನಪಿದೆ ಅಲ್ವಾ? ಹೋಗುವಾಗ ಅಲ್ಲ, ವಾಪಸ್ ಬರುವಾಗ. ರಾತ್ರಿ ಆಗಿದೆ, ಎಲ್ಲರಿಗೂ ಸುಸ್ತು. ಹಿಂದಿನ ಸೀಟಿನಲ್ಲಿ ಯಾರೋ ಒಂದು ಸಾಲು ಎತ್ತುತ್ತಾರೆ. ಕೆಲವು ಹಾಡು ಎರಡೇ ಸಾಲಿಗೆ ನಿಂತು ಹೋಗುತ್ತವೆ. ಕೆಲವು ಮಾತ್ರ ಬಸ್ಸಿನ ತುಂಬ ಹರಡುತ್ತವೆ. ಶ್ರುತಿ ಗೊತ್ತಿಲ್ಲದವರೂ ದನಿ ಸೇರಿಸುತ್ತಾರೆ. ಪಲ್ಲವಿ ಬರುವ ಹೊತ್ತಿಗೆ ಮುಂದಿನ ಸೀಟಿನ ಟೀಚರ್ ಕೂಡ ಗುನುಗುತ್ತಿರುತ್ತಾರೆ. ಯಾವ ತಂಡದ ಯಾವ ಹಾಡು ಕೇಳಿದರೂ ನಾನು ಮನಸ್ಸಿನಲ್ಲೇ ಅದನ್ನು ಆ ಬಸ್ಸಿಗೆ ಹತ್ತಿಸಿ ನೋಡುತ್ತೇನೆ. ಎಷ್ಟು ಕೋಟಿ ಜನ ನೋಡಿದರು ಎಂಬ ಲೆಕ್ಕಕ್ಕಿಂತ ನನಗೆ ಇದೇ ಮುಖ್ಯ.

ಈಗ ಹಾಡಿಗೆ ಬರೋಣ. ಇದರ ರಾಗ ಕಟ್ಟಿದವರು ಕೆಂಜಿ ಎಂಬ ಸಂಗೀತಗಾರ್ತಿ. ಶುರುವಿನಲ್ಲಿ ಒಬ್ಬೊಬ್ಬರೇ ಒಂದೊಂದು ಸಾಲು ಹಾಡುತ್ತಾರೆ, ಕಿವಿಯ ಹತ್ತಿರ ಬಂದು ಹೇಳಿದ ಹಾಗೆ. ಪಲ್ಲವಿ ಬಂದಾಗ ಎಲ್ಲರ ದನಿ ಒಂದಾಗುತ್ತದೆ. ಅಲ್ಲಿ ಕಷ್ಟದ ತಿರುವುಗಳಿಲ್ಲ. ರಾಗ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತದೆ, ನಾವೂ ಜೊತೆಗೆ ಹೋಗುತ್ತೇವೆ. ಗಂಟಲು ಪಳಗದವರಿಗೂ ದಾರಿ ಬಿಟ್ಟುಕೊಡುವ ಪಲ್ಲವಿ ಅದು. ಕುಣಿತದಲ್ಲೂ ಅಷ್ಟೇ. ಕಾಲು ಎತ್ತಿ ಗಾಳಿಗೆ ಒದೆಯುವ ಒಂದು ಹೆಜ್ಜೆ ಇದೆ. ಒಂಬತ್ತು ಜನ ಒಟ್ಟಿಗೆ ಒದ್ದಾಗ ಮುದ್ದು ಮುಖದ ಹುಡುಗಿಯರ ತಂಡ ಅನ್ನಿಸುವುದಿಲ್ಲ, ಆಟದ ಮೈದಾನದ ತಂಡ ಅನ್ನಿಸುತ್ತದೆ.

ಇಂಗ್ಲಿಷ್ ಹೆಸರು ಹೊಸ ಲೋಕದ ಕಡೆಗೆ ಕರೆಯುತ್ತದೆ. ಕೊರಿಯನ್ ಹೆಸರಿನ ಅರ್ಥ ಬೇರೆ: ಮತ್ತೆ ಭೇಟಿಯಾದ ಲೋಕ. ನನಗೆ ಕೊರಿಯನ್ ಹೆಸರೇ ಇಷ್ಟ. ಹೊಸದು ಎಂದರೆ ಯಾರೋ ಕೊಟ್ಟದ್ದು. ಮತ್ತೆ ಸಿಕ್ಕಿತು ಎಂದರೆ ನಡುವೆ ಒಮ್ಮೆ ಕಳೆದುಹೋಗಿತ್ತು ಎಂದಾಯಿತು. ಪವಾಡಕ್ಕಾಗಿ ಕಾಯಬೇಡ, ಎದುರಿಗಿರುವುದು ಒರಟು ದಾರಿ, ಗೊತ್ತಿಲ್ಲದ ನಾಳೆ, ಒಂದು ಗೋಡೆ, ಆದರೂ ಕೈಬಿಡುವುದಿಲ್ಲ ಎನ್ನುತ್ತದೆ ಹಾಡು. ಈ ಮಾತನ್ನು ಹದಿನಾರು, ಹದಿನೇಳು, ಹದಿನೆಂಟು ವಯಸ್ಸಿನವರ ಬಾಯಲ್ಲಿ ಇಟ್ಟರು. ಅವರಲ್ಲಿ ಕೆಲವರು ವರ್ಷಗಟ್ಟಲೆ ಕಂಪನಿಯ ಅಭ್ಯಾಸದ ಕೋಣೆಯಲ್ಲೇ ಬೆಳೆದವರು. 2007ರಲ್ಲಿ ಕೇಳಿದವರಿಗೆ ಅದು ಒಂದು ಪ್ರೀತಿಯ ಹಾಡು ಅನ್ನಿಸಿರಬೇಕು. 2016ರಲ್ಲಿ ಇಹ್ವಾದ ಹುಡುಗಿಯರ ಎದುರು ಗೋಡೆ ಕಣ್ಣಿಗೆ ಕಾಣುತ್ತಿತ್ತು, ಸಮವಸ್ತ್ರ ಹಾಕಿಕೊಂಡು ನಿಂತಿತ್ತು.

ಇದೇ ಹಾಡು ಯಾಕೆ? ನಮ್ಮಲ್ಲೂ ಹೋರಾಟದ ಹಾಡುಗಳಿವೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ದಲಿತ ಚಳವಳಿ, ರೈತ ಚಳವಳಿಯ ಸಭೆಗಳಲ್ಲಿ ತಮಟೆಯ ಜೊತೆ ಹಾಡಿದವು. ಅವು ಹೋರಾಟಕ್ಕೆ ಅಂತಲೇ ಹುಟ್ಟಿದವು. ಕೊರಿಯಾದಲ್ಲೂ ಅಂಥ ಹಾಡುಗಳ ದೊಡ್ಡ ಪರಂಪರೆ ಇದೆ. ಆದರೆ 2016ರಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿ 2007ರಲ್ಲಿ ಹನ್ನೆರಡರವಳು. ಟಿವಿ ಮುಂದೆ ನಿಂತು ಈ ಹೆಜ್ಜೆ ಕಲಿತ ವಯಸ್ಸು ಅದು. ಭಯ ಆದಾಗ ಬಾಯಿಗೆ ಬರುವುದು ಪುಸ್ತಕದಲ್ಲಿ ಓದಿದ ಹಾಡಲ್ಲ, ಚಿಕ್ಕಂದಿನಲ್ಲಿ ಗೆಳತಿಯ ಜೊತೆ ಹಾಡಿದ ಹಾಡು. ಕೆಲವೇ ದಿನಗಳಲ್ಲಿ, ಆಗಸ್ಟ್ ಮೊದಲ ವಾರದಲ್ಲಿ, ಆ ಯೋಜನೆಯನ್ನು ವಿಶ್ವವಿದ್ಯಾಲಯ ಕೈಬಿಟ್ಟಿತು. 2020ರಲ್ಲಿ ಬ್ಯಾಂಕಾಕ್‌ನ ಬೀದಿಯಲ್ಲಿ ಥಾಯ್ ಯುವಜನರೂ ಇದೇ ಹಾಡು ಹಾಡಿದರು.

ಬೇರೆ ತಂಡಗಳನ್ನೂ ಬಸ್ಸಿಗೆ ಹತ್ತಿಸೋಣ. ಅದೇ 2007ರಲ್ಲಿ ಬಂದ ವಂಡರ್ ಗರ್ಲ್ಸ್ ಸಲೀಸಾಗಿ ಪಾಸು. ಅವರ 'ನೋಬಡಿ' ಹಾಡಿಗೆ ಕೈ ತಟ್ಟಲು ಬಂದರೆ ಸಾಕು. 2009ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 76ನೇ ಜಾಗಕ್ಕೆ ಬಂತು. ಆ ಪಟ್ಟಿಗೆ ಸೇರಿದ ಮೊದಲ ಕೊರಿಯನ್ ತಂಡ ಅವರದು. ಇವತ್ತು ಎಲ್ಲರೂ ಓಡಾಡುವ ದಾರಿಯನ್ನು ಅವರು ತುಳಿದು ಮಾಡಿದರು. ಅದಕ್ಕೆ ತಕ್ಕ ಗೌರವ ಅವರಿಗೆ ಸಿಗಲಿಲ್ಲ ಎಂಬ ನೋವು ನನಗಿದೆ.

ಬ್ಲ್ಯಾಕ್‌ಪಿಂಕ್ ಬಗ್ಗೆ ನಾನು ಹೇಳುವುದು ಕೆಲವರಿಗೆ ಬೇಜಾರಾಗಬಹುದು. ಅವರು ವೇದಿಕೆಯ ಮೇಲೆ ನಿಂತರೆ ಕಣ್ಣು ಕೀಳಲು ಆಗುವುದಿಲ್ಲ. 2023ರಲ್ಲಿ ಅಮೆರಿಕದ ಕೋಚೆಲ್ಲಾ ಉತ್ಸವದ ಮುಖ್ಯ ತಂಡವಾಗಿ ನಿಂತ ಆ ರಾತ್ರಿಯನ್ನು ಎಷ್ಟೋ ಸಲ ನೋಡಿದ್ದೇನೆ. ಆದರೆ 'ದು-ದು ದು-ದು' ತರದ ಹಾಡಿನಲ್ಲಿ, ನಾವು ದನಿ ಸೇರಿಸಬೇಕು ಎಂದು ಕಾಯುವ ಜಾಗದಲ್ಲೇ ಹಾಡು ನಿಂತು ಬೀಟ್ ಶುರುವಾಗುತ್ತದೆ. ಅಲ್ಲಿ ನಾವು ನೋಡುವವರು ಅಷ್ಟೇ. 2017ರ 'ಆಸ್ ಇಫ್ ಇಟ್ಸ್ ಯುವರ್ ಲಾಸ್ಟ್' ಮಾತ್ರ ಬೇರೆ. ಅದು ಬಾಗಿಲು ತೆರೆದಿಟ್ಟ ಹಾಡು. ಅಂಥವು ಇನ್ನೂ ಬೇಕಿತ್ತು.

ಜಪಾನಿನ ಪರ್ಫ್ಯೂಮ್, ಹಿರೋಶಿಮಾದ ಮೂವರು. ಅವರ 'ಪಾಲಿರಿದಮ್' ಕೂಡ 2007ರದ್ದೇ. ಅವರ ಹಾಡುಗಳ ನಿರ್ಮಾಪಕ ನಕಟಾ ಯಸುತಕಾ ಅವರು ದನಿಯನ್ನೇ ಯಂತ್ರದ ಎಳೆಯ ಹಾಗೆ ನೇಯ್ದಿದ್ದಾರೆ. ಬಸ್ಸಿನಲ್ಲಿ ಹಾಡಲು ಆಗುವುದಿಲ್ಲ. ಒಬ್ಬರೇ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಬೇಕು.

ಟ್ವೈಸ್ ಬಗ್ಗೆ ನನಗೆ ತುಂಬಾ ಪ್ರೀತಿ. ಇಲ್ಲೂ ಒಂಬತ್ತು ಜನ: ಐದು ಕೊರಿಯನ್ನರು, ಮೂವರು ಜಪಾನಿನವರು, ಒಬ್ಬರು ತೈವಾನಿನವರು. 2019ರ 'ಫೀಲ್ ಸ್ಪೆಷಲ್' ಹಾಡನ್ನು ಅವರ ಕಂಪನಿ ಕಟ್ಟಿದ ಪಾರ್ಕ್ ಜಿನ್-ಯಂಗ್ ಬರೆದದ್ದು ಈ ಹುಡುಗಿಯರು ಹೇಳಿಕೊಂಡ ಕಷ್ಟಗಳನ್ನು ಕೇಳಿ. ಆ ಹೊತ್ತಿಗೆ ತಂಡದ ಮೀನಾ ತೀವ್ರ ಆತಂಕದ ತೊಂದರೆಯಿಂದ ವೇದಿಕೆಯಿಂದ ದೂರ ಇದ್ದರು. ವಿಡಿಯೊದಲ್ಲಿ ಇದ್ದಾರೆ, ಆದರೆ ಟಿವಿ ವೇದಿಕೆಗಳಲ್ಲಿ ಎಂಟೇ ಜನ. ಮೂಲೆಗೆ ಸರಿದು ಕೂತವಳನ್ನು ಯಾರೋ ಹೆಸರು ಹಿಡಿದು ಕರೆದಾಗ ಏನಾಗುತ್ತದೆ ಎಂಬ ಹಾಡು ಅದು. ಬಸ್ಸಿನಲ್ಲಿ ಎಲ್ಲರೂ ಹಾಡುತ್ತಾರೆ. ಒಬ್ಬರೋ ಇಬ್ಬರೋ ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ.

ಒಂದು ಮಾತು ನನಗೆ ಸಿಟ್ಟು ತರಿಸುತ್ತದೆ. "ಇವರೆಲ್ಲ ಕಂಪನಿ ತಯಾರಿಸಿದ ಗೊಂಬೆಗಳು, ಸುಮ್ನೆ ತುಟಿ ಆಡಿಸುತ್ತಾರೆ." ಕಂಪನಿ ತಯಾರಿಸಿದ್ದು ನಿಜ. ಎಳೆಯ ವಯಸ್ಸಿನಲ್ಲೇ ಆರಿಸಿ, ವರ್ಷಗಟ್ಟಲೆ ತರಬೇತಿ ಕೊಟ್ಟು, ಕರಾರಿಗೆ ಸಹಿ ಹಾಕಿಸುತ್ತಾರೆ. ಆ ಕರಾರು ಎಷ್ಟು ಉದ್ದ ಇತ್ತು ಎಂದರೆ 2009ರಲ್ಲಿ ಕೊರಿಯಾದ ವ್ಯಾಪಾರ ಆಯೋಗವೇ ಮಾದರಿ ಕರಾರು ತಂದು ಏಳು ವರ್ಷದ ಮಿತಿ ಹಾಕಬೇಕಾಯಿತು. ಏಳನೇ ವರ್ಷಕ್ಕೆ ಎಷ್ಟೋ ತಂಡಗಳು ಒಡೆಯುವುದು ಅದಕ್ಕೇ. ಗರ್ಲ್ಸ್ ಜನರೇಷನ್‌ಗೂ ಏಟು ಬಿತ್ತು. 2014ರಲ್ಲಿ ಜೆಸಿಕಾ ತಂಡದಲ್ಲಿ ಉಳಿಯಲಿಲ್ಲ. ಈ ವ್ಯವಸ್ಥೆಯನ್ನು ಬೈಯಿರಿ, ನಾನೂ ಜೊತೆಗೆ ಬೈಯುತ್ತೇನೆ. ಆದರೆ ಹಾಡಿದ ಹುಡುಗಿಯರನ್ನು ಗೊಂಬೆ ಎನ್ನಬೇಡಿ.

2008ರ ಜೂನ್ 7ರಂದು ಏನಾಯಿತು ನೋಡಿ. ಡ್ರೀಮ್ ಕನ್ಸರ್ಟ್ ಎಂದರೆ ಹಲವು ತಂಡಗಳು, ಹಲವು ಅಭಿಮಾನಿ ಬಳಗಗಳು ಒಂದೇ ಮೈದಾನದಲ್ಲಿ ಸೇರುವ ಕಾರ್ಯಕ್ರಮ. ಪ್ರತಿ ಬಳಗಕ್ಕೂ ತನ್ನದೇ ಬಣ್ಣ, ತನ್ನದೇ ಲೈಟ್‌ಸ್ಟಿಕ್, ಅಂದರೆ ಕೈಯಲ್ಲಿ ಹಿಡಿದು ಬೀಸುವ ದೀಪ. ಗರ್ಲ್ಸ್ ಜನರೇಷನ್ ವೇದಿಕೆಗೆ ಬಂದಾಗ ಬೇರೆ ಬಳಗದವರು ಬೇಕಂತಲೇ ದೀಪ ಆರಿಸಿದರು. ಚಪ್ಪಾಳೆ ಇಲ್ಲ, ಕೂಗು ಇಲ್ಲ. ಸುಮಾರು ಹತ್ತು ನಿಮಿಷ ಕತ್ತಲೆ. ಅದಕ್ಕೆ ಇವತ್ತಿಗೂ 'ಕಪ್ಪು ಸಮುದ್ರ' ಎನ್ನುತ್ತಾರೆ. ತಂಡದ ಕಿರಿಯವರಾದ ಸೊಹ್ಯೊನ್‌ಗೆ ಆಗ ಹದಿನೇಳು ತುಂಬಿರಲಿಲ್ಲ. ಆದರೂ ಒಂಬತ್ತೂ ಜನ ನಿಲ್ಲಿಸಲಿಲ್ಲ. ಕೊನೆಯವರೆಗೂ ಹಾಡಿ, ಕುಣಿದು, ನಮಸ್ಕರಿಸಿ ಹೋದರು. ಆ ವಿಡಿಯೊವನ್ನು ನಾನು ಒಂದೇ ಸಲ ಪೂರ್ತಿ ನೋಡಿದ್ದೇನೆ. ಎರಡನೇ ಸಲ ಆಗಲಿಲ್ಲ.

ಈಗ 2024ರ ಡಿಸೆಂಬರ್. 3ರ ರಾತ್ರಿ ಕೊರಿಯಾದ ಅಧ್ಯಕ್ಷರು ಸೇನಾ ಕಾನೂನು ಘೋಷಿಸಿದರು. ಕೆಲವೇ ಗಂಟೆಯಲ್ಲಿ ಸಂಸತ್ತು ಅದನ್ನು ತಳ್ಳಿಹಾಕಿತು. ಜನ ಮಾತ್ರ ಮನೆಗೆ ಹೋಗಲಿಲ್ಲ. ಸಂಸತ್ತಿನ ಮುಂದೆ, ಯೊಯಿದೊ ಬಡಾವಣೆಯ ಚಳಿಯಲ್ಲಿ, ದಿನವೂ ಸೇರಿದರು. ಅವರಲ್ಲಿ ಎಷ್ಟೊಂದು ಯುವತಿಯರು! ಕೈಯಲ್ಲಿ ಮೇಣದಬತ್ತಿಯ ಬದಲು ಲೈಟ್‌ಸ್ಟಿಕ್. ಮನೆಯಲ್ಲಿದ್ದ ಅತಿ ಪ್ರೀತಿಯ ದೀಪವನ್ನೇ ತಂದಿದ್ದರು. ಎಲ್ಲ ತಂಡಗಳದ್ದು, ಎಲ್ಲ ಬಣ್ಣದ್ದು. ಅಷ್ಟು ಬಣ್ಣಗಳು ಒಟ್ಟಿಗೆ ಹಾಡಿದ್ದು ಇದೇ ಹಾಡನ್ನು. 2008ರಲ್ಲಿ ಈ ಹುಡುಗಿಯರಿಗಾಗಿ ಆರಿದ್ದ ದೀಪಗಳು ಹದಿನಾರು ವರ್ಷದ ಮೇಲೆ ಇವರ ಹಾಡಿಗೆ ಉರಿದವು. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. 14ನೇ ತಾರೀಕು 300 ಸದಸ್ಯರ ಸಂಸತ್ತಿನಲ್ಲಿ 204 ಮತ ಬಿದ್ದು ಅಧ್ಯಕ್ಷರ ವಿರುದ್ಧದ ಮಹಾಭಿಯೋಗ ಪಾಸಾಯಿತು. ಹೊರಗೆ ನಿಂತವರು ಕುಣಿದರು.

ತಂಡ ಏನಾಯಿತು ಅಂತ ಕೇಳುವವರಿಗೆ: 2022ರಲ್ಲಿ, ಹದಿನೈದನೇ ವರ್ಷಕ್ಕೆ, ಎಂಟು ಜನ ಮತ್ತೆ ಸೇರಿದರು. ಅಷ್ಟರಲ್ಲಿ ಕೆಲವರು ಕಂಪನಿಯನ್ನೇ ಬಿಟ್ಟಿದ್ದರು, ಆದರೂ ಬಂದರು. 'ಫಾರೆವರ್ 1' ಹಾಡು ಕೊಟ್ಟವರು ಅದೇ ಕೆಂಜಿ. ಎರಡೂ ಹಾಡನ್ನು ಒಂದರ ಹಿಂದೆ ಒಂದು ಕೇಳಿ. ಹದಿನೆಂಟರ ದನಿ ಮೂವತ್ತು ದಾಟಿದ ಮೇಲೆ ಹೇಗೆ ತುಂಬಿಕೊಳ್ಳುತ್ತದೆ ಎಂದು ಕಿವಿಗೇ ತಿಳಿಯುತ್ತದೆ. ತಂಡಗಳಿಗೆ ವಯಸ್ಸಾಗಲು ಬಿಡಿ ಎಂದು ನಾನು ಮತ್ತೆ ಮತ್ತೆ ಕೇಳಿಕೊಳ್ಳುವುದು ಇದಕ್ಕೇ.

ಆಮೇಲೆ ಇಹ್ವಾದ ವಿಡಿಯೊ ಹುಡುಕಿ. ಅದರಲ್ಲಿ ವಾದ್ಯ ಇಲ್ಲ. ಮೊದಲ ಸಾಲುಗಳಲ್ಲಿ ದನಿ ನಡುಗುತ್ತದೆ, ತಾಳ ಅಲ್ಲಲ್ಲಿ ತಪ್ಪುತ್ತದೆ. ಪಲ್ಲವಿ ಬರುವವರೆಗೆ ಕಾಯಿರಿ.