ಕುದುರೆಯ ಕಿವಿ ನೋಡುತ್ತ

ನಮಸ್ಕಾರ.

ಕುದುರೆ ಸವಾರಿ ಅಂದಕೂಡಲೇ ಮನಸ್ಸಿಗೆ ಬರುವುದು ನಾಗಾಲೋಟ. ಧೂಳೆಬ್ಬಿಸುವ ಗೊರಸು, ಗಾಳಿಗೆ ಹಾರುವ ಅಯಾಲು. ನಾನಿವತ್ತು ಹೇಳಹೊರಟ ಸವಾರಿಯಲ್ಲಿ ಅದ್ಯಾವುದೂ ಇಲ್ಲ. ಕುದುರೆ ನಡೆಯುತ್ತದೆ, ಅಷ್ಟೆ. ಗಂಟೆಗೆ ಸುಮಾರು 6 ಕಿಲೋಮೀಟರ್. ಸುತ್ತ ಮರುಭೂಮಿ, ಅದೂ ಸಂರಕ್ಷಿತ ಪ್ರದೇಶವೆಂದು ಕಾಪಾಡಿಟ್ಟ, ಮೋಟಾರಿನ ಸದ್ದು ಮುಟ್ಟದ ಮರುಭೂಮಿ.

ಅಮೆರಿಕದ ಅರಿಜೋನಾದಿಂದ ಮೆಕ್ಸಿಕೋದವರೆಗೆ ಹಬ್ಬಿರುವ ಸೊನೋರಾ ಮರುಭೂಮಿಯನ್ನೇ ನೋಡಿ. ಮರಳ ದಿಬ್ಬ ಹುಡುಕಿಕೊಂಡು ಹೋದವರಿಗೆ ಅಲ್ಲಿ ಎದುರಾಗುವುದು ಕಳ್ಳಿಯ ಕಾಡು. ಕೈಯೆತ್ತಿ ನಿಂತ ಮನುಷ್ಯರ ಹಾಗೆ ಕಾಣುವ ಆ ದೈತ್ಯ ಕಳ್ಳಿಯ ಹೆಸರು ಸವಾರೊ. ನಮ್ಮ ಸವಾರನಿಗೂ ಅದಕ್ಕೂ ಕಿವಿಯ ಮಟ್ಟಿಗೆ ಮಾತ್ರ ನೆಂಟಸ್ತಿಕೆ. ಮೊದಲ ಎಂಟು ವರ್ಷದಲ್ಲಿ ಅದು ಬೆಳೆಯುವುದು ಒಂದೂವರೆ ಇಂಚೂ ಇಲ್ಲ. ತೋಳು ಮೂಡಲು 50ರಿಂದ 70 ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು. ಇದರ ಹೆಸರಿನಲ್ಲೇ ಟ್ಯೂಸಾನ್ ನಗರದ ಪಕ್ಕ ಒಂದು ರಾಷ್ಟ್ರೀಯ ಉದ್ಯಾನವಿದೆ. 1933ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ ಶುರುವಾದದ್ದು, 1994ರಲ್ಲಿ ಉದ್ಯಾನವಾಯಿತು. ಅಲ್ಲಿ ಗುರುತು ಮಾಡಿದ ಹಲವು ದಾರಿಗಳಲ್ಲಿ ಕುದುರೆಗೆ ಅವಕಾಶವುಂಟು. ದಾರಿ ಬಿಟ್ಟು ಇಳಿಯುವಂತಿಲ್ಲ.

ಯಾಕೆ ಇಳಿಯಬಾರದು? ನೆಲವೇ ಜೀವಂತವಾಗಿರುವುದರಿಂದ. ಮರುಭೂಮಿಯ ಮಣ್ಣಿನ ಮೇಲೆ ಎಷ್ಟೋ ಕಡೆ ಕಪ್ಪಗೆ, ಒರಟಾಗಿ ಒಂದು ಹೆಪ್ಪು ಕಟ್ಟಿರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಕಲ್ಲುಹೂವು, ಹಾವಸೆ ಎಲ್ಲ ಸೇರಿ ನೇಯ್ದ ಹೊದಿಕೆ ಅದು. ಮಣ್ಣು ಗಾಳಿಗೆ ಹಾರದಂತೆ ಹಿಡಿದಿಡುವುದು ಅದೇ. ಐನೂರು ಕಿಲೋ ತೂಗುವ ಕುದುರೆಯ ಒಂದು ಹೆಜ್ಜೆ ಬಿದ್ದರೆ ಮತ್ತೆ ಕೂಡಿಕೊಳ್ಳಲು ದಶಕಗಳು ಬೇಕು. ಹಾಗಾಗಿ ಸವಾರರು ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗುತ್ತಾರೆ. ಅಕ್ಕಪಕ್ಕ ಹೋಗುತ್ತ ಹರಟೆ ಹೊಡೆಯಲು ಆಗುವುದಿಲ್ಲ. ಒಳ್ಳೆಯದೇ ಆಯಿತು ಅನ್ನುವವನು ನಾನು.

ಬಾನುಲಿಯಲ್ಲಿ ನಾನು ಹತ್ತು ಸೆಕೆಂಡು ಸುಮ್ಮನಾದರೆ ನೀವು ರೇಡಿಯೊ ತಟ್ಟಿ ನೋಡುತ್ತೀರಿ. ಅಲ್ಲಿ ಹಾಗಲ್ಲ. ಮಾತು ನಿಂತ ಮೇಲೆ ಕುದುರೆಯ ಕಿವಿ ನೋಡಬೇಕು. ಎರಡೂ ಕಿವಿ ಬೇರೆಬೇರೆಯಾಗಿ ತಿರುಗುತ್ತವೆ. ಒಂದು ನಿಮ್ಮ ಉಸಿರನ್ನು ಕೇಳುತ್ತಿರುತ್ತದೆ, ಇನ್ನೊಂದು ಎಡಗಡೆಯ ಪೊದೆಯನ್ನು. ಕಣ್ಣು ತಲೆಯ ಪಕ್ಕಗಳಲ್ಲಿರುವುದರಿಂದ ಹಣೆಯ ಮುಂದೆ ಒಂದಿಷ್ಟು, ಬಾಲದ ಹಿಂದೆ ಒಂದಿಷ್ಟು ಬಿಟ್ಟರೆ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ. ಬೇಟೆಗೆ ಬೀಳದೆ ಉಳಿಯಲು ಬಂದ ಅಂಗಗಳಿವು. ಎರಡೂ ಕಿವಿ ನೆಟ್ಟಗಾಗಿ ಒಂದೇ ಕಡೆ ನಿಂತವೋ, ನೀವೂ ಅತ್ತ ನೋಡಿ. ಜಿಂಕೆಯಿರಬಹುದು. ಬಿಸಿಲು ಕಾಯಿಸುತ್ತಿರುವ ಬುಡುಬುಡಿಕೆ ಹಾವೂ ಇರಬಹುದು.

ಈ ಹಾವಿನ ವಿಷಯದಲ್ಲಿ ಒಂದು ಮಾತು. ಕುದುರೆ ಉಸಿರಾಡುವುದು ಮೂಗಿನಿಂದ ಮಾತ್ರ. ನಮ್ಮ ಹಾಗೆ ಬಾಯಿ ತೆರೆದು ಉಸಿರೆಳೆದುಕೊಳ್ಳಲು ಅದಕ್ಕೆ ಬರುವುದಿಲ್ಲ. ಪೊದೆಗೆ ಮೂತಿಯಿಟ್ಟಾಗ ಹಾವು ಕಚ್ಚಿತೆಂದರೆ ಮೂಗು ಊದಿ ಉಸಿರೇ ಕಟ್ಟಬಹುದು. ಅದಕ್ಕೇ ಕೆಲವು ಹಳಬರ ಜೀನಿನ ಚೀಲದಲ್ಲಿ ಗೇಣುದ್ದದ ಎರಡು ರಬ್ಬರ್ ಕೊಳವೆ ತುಂಡುಗಳಿರುತ್ತವೆ, ಹೊಳ್ಳೆ ಮುಚ್ಚದಂತೆ ತೂರಿಸಲು. ಜೊತೆಗೊಂದು ಬಾಚಣಿಗೆ. ತಲೆ ಬಾಚಿಕೊಳ್ಳಲಿಕ್ಕಲ್ಲ! ಚೋಯಾ ಎಂಬ ಕಳ್ಳಿಯ ಮುಳ್ಳುಂಡೆ ಸೋಕಿದರೆ ಸಾಕು, ಕಳಚಿಕೊಂಡು ಬಂದು ಮೈಗೆ ಅಂಟುತ್ತದೆ. ಕೈಯಿಂದ ಕಿತ್ತರೆ ಕೈಗೂ ಅಂಟುತ್ತದೆ. ಬಾಚಣಿಗೆಯ ಹಲ್ಲು ತೂರಿಸಿ ದೂರ ಎಗರಿಸಬೇಕು.

ನೀರಿನ ಲೆಕ್ಕ ಹೊರಡುವ ಮುಂಚೆಯೇ ಆಗಿರಬೇಕು. ಸುಮ್ಮನೆ ನಿಂತ ಕುದುರೆಗೇ ದಿನಕ್ಕೆ ಸುಮಾರು 25 ಲೀಟರ್ ನೀರು ಬೇಕು; ಬಿಸಿಲಲ್ಲಿ ನಡೆದದ್ದಕ್ಕೆ ಅದರ ಎರಡರಷ್ಟಾದರೂ ಬೇಕಾದೀತು. ಕತ್ತಿನ ಚರ್ಮ ಚಿವುಟಿ ಬಿಡಿ. ತಟ್ಟನೆ ಸಮವಾದರೆ ಸರಿ, ಮಡಿಕೆ ನಿಧಾನಕ್ಕೆ ಇಳಿದರೆ ನೆರಳು ಹುಡುಕಿ, ನೀರು ಕುಡಿಸಿ. ಒಣಹಳ್ಳದಲ್ಲಿ ಮಾತ್ರ ವಿಶ್ರಾಂತಿಗೆ ನಿಲ್ಲಬೇಡಿ. ಎಲ್ಲೋ ದೂರದ ಬೆಟ್ಟದಲ್ಲಿ ಸುರಿದ ಮಳೆ ಇಲ್ಲಿಗೆ ಗೋಡೆಯಂತೆ ಬರುತ್ತದೆ.

ಹಿಂತಿರುಗುವಾಗ ಹೊತ್ತು ಮುಳುಗಿತು ಅನ್ನಿ. ಸವಾರೊದ ಕಾಂಡದಲ್ಲಿ ಮರಕುಟಿಗ ಕೊರೆದುಬಿಟ್ಟ ಪೊಟರೆಯಿಂದ ಗುಬ್ಬಚ್ಚಿಯಷ್ಟೇ ಉದ್ದದ ಪುಟ್ಟ ಗೂಬೆ ಇಣುಕುವ ಹೊತ್ತು. ಟಾರ್ಚು ಹಾಕಬೇಕೆನಿಸುತ್ತದೆ, ಹಾಕಬೇಡಿ. ಮಬ್ಬಿನಲ್ಲಿ ಕುದುರೆಯ ಕಣ್ಣು ನಮ್ಮದಕ್ಕಿಂತ ಚುರುಕು, ಬೆಳಕು ಬಿದ್ದರೆ ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಲಗಾಮು ಸಡಿಲ ಬಿಟ್ಟು ಕೂತಿರಿ. ನಿಮಗೆ ಕಾಣದ ದಾರಿ ಅದಕ್ಕೆ ಕಾಣುತ್ತಿರುತ್ತದೆ.