“ಏನೂ ಮಾಡೋದಿಲ್ಲ, ಬನ್ನಿ”

ಕಾರವಾರ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ದನದ ಡಾಕ್ಟರು. ನಿವೃತ್ತಿಯಾಗಿದೆ, ಆದರೂ ಊರಿನಲ್ಲಿ ಈಗಲೂ ಹಾಗೇ ಕರೆಯುತ್ತಾರೆ. ಶಿರಸಿ, ಸಿದ್ದಾಪುರ, ಕುಮಟಾ, ಕೊನೆಗೆ ಕಾರವಾರ ಅಂತ ಇದೇ ಜಿಲ್ಲೆಯಲ್ಲಿ ಸುತ್ತಿದವನು. ನೌಕರಿಗೆ ಸೇರಿದ ಹೊಸದರಲ್ಲಿ ನಾಯಿಯನ್ನು ಆಸ್ಪತ್ರೆಗೆ ತರುವವರೇ ಇರಲಿಲ್ಲ. ಆಕಳು ಕರು ಹಾಕಲು ಕಷ್ಟಪಟ್ಟರೆ ರಾತ್ರಿ ಎರಡು ಗಂಟೆಗೂ ನನ್ನ ಬಾಗಿಲು ಬಡಿಯುತ್ತಿದ್ದರು. ನಾಯಿಗೆ ಹುಷಾರಿಲ್ಲ ಅಂದರೆ, ಎಲ್ಲೋ ಹುಲ್ಲು ತಿಂದು ವಾಂತಿ ಮಾಡಿಕೊಂಡು ಅದೇ ಸರಿಯಾಗುತ್ತದೆ ಬಿಡಿ ಅನ್ನುತ್ತಿದ್ದರು.

ನಾನು ನಿವೃತ್ತನಾಗುವ ಹೊತ್ತಿಗೆ ನಾಯಿಗಳು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬರತೊಡಗಿದ್ದವು. ರಾಟ್‌ವೀಲರ್, ಡಾಬರ್‌ಮನ್, ಜರ್ಮನ್ ಶೆಫರ್ಡ್, ಅಲ್ಲೊಂದು ಇಲ್ಲೊಂದು ಪಿಟ್‌ಬುಲ್. ಇಷ್ಟು ದೊಡ್ಡ ನಾಯಿಗಳು ನಮ್ಮ ತೋಟದ ಮನೆಗಳಿಗೆ ಯಾಕೆ ಬಂದವು?

ಕಾರಣ ನಿಮಗೂ ಗೊತ್ತು. ಮಕ್ಕಳು ಬೆಂಗಳೂರಿನಲ್ಲಿ. ಊರಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಪಕ್ಕದ ಮನೆ ಅಂದರೆ ಗುಡ್ಡದ ಆಚೆ. ಅಟ್ಟದ ಮೇಲೆ ಒಣಗಿದ ಅಡಿಕೆ. ಮೊದಲಿದ್ದ ನಾಡ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋಗಿದೆ. ಮಗನಿಗೆ ಅಲ್ಲಿ ನಿದ್ದೆ ಬರುವುದಿಲ್ಲ, ಒಂದು ರಾಟ್‌ವೀಲರ್ ಮರಿ ತಂದು ಅಪ್ಪನ ಕೈಗೆ ಕೊಟ್ಟು ಹೋಗುತ್ತಾನೆ. ಅವನದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಒಂದು ಲೆಕ್ಕ ಮರೆತಿರುತ್ತಾನೆ. ಅವನ ಮಕ್ಕಳು ಆ ಮನೆಗೆ ಬರುವುದು ವರ್ಷಕ್ಕೆ ಎರಡು ಸಲ. ಏಪ್ರಿಲ್ ರಜೆಗೊಮ್ಮೆ, ಚೌತಿಗೋ ದೀಪಾವಳಿಗೋ ಇನ್ನೊಮ್ಮೆ. ಉಳಿದ ಮುನ್ನೂರು ಚಿಲ್ಲರೆ ದಿನ ಆ ನಾಯಿ ನೋಡುವುದು ನಿಧಾನ ನಡೆಯುವ, ನಿಧಾನ ಮಾತಾಡುವ ಇಬ್ಬರು ಮುದುಕರನ್ನು. ಒಂದು ದಿನ ಇದ್ದಕ್ಕಿದ್ದಂತೆ ಅಂಗಳದ ತುಂಬ ಓಡುವ, ಕಿರುಚುವ, ಬೀಳುವ, ಅಳುವ ಸಣ್ಣ ಸಣ್ಣ ಜೀವಗಳು. ಇವು ಯಾರು, ಎಂಥವು ಅಂತ ಅದಕ್ಕೆ ಹೇಳಿದವರಿಲ್ಲ.

ದಣಪೆ, ಅಂದರೆ ಬೇಲಿಯ ಬಾಗಿಲು, ದಾಟುವಾಗ ಬಂದವರು ಕೇಳುತ್ತಾರೆ, ನಾಯಿ ಇದೆಯಾ? ಒಳಗಿನಿಂದ ಉತ್ತರ ಬರುತ್ತದೆ: “ಅದು ಎಂತೂ ಮಾಡ್ತಿಲ್ಲೆ, ಬನ್ನಿ ಬನ್ನಿ.” ಕಾರವಾರದಲ್ಲಿ ಕೊಂಕಣಿಯಲ್ಲಿ ಹೇಳಬಹುದು, ಅಂಕೋಲೆಯಲ್ಲಿ ಬೇರೆ ಥರ ಹೇಳಬಹುದು. ಮಾತು ಅದೇ.

ಆ ಮಾತನ್ನು ನಾನೂ ಹೇಳಿದ್ದೇನೆ. ಅದನ್ನೇ ಇವತ್ತು ಹೇಳಲು ಬಂದದ್ದು.

ನನ್ನ ತಂಗಿಯ ಮನೆ ಶಿರಸಿ ಕಡೆ. ಅಲ್ಲೊಂದು ರಾಟ್‌ವೀಲರ್, ಭೀಮ ಅಂತ. ಹೆಚ್ಚುಕಡಿಮೆ ಒಂದು ಸಿಮೆಂಟ್ ಚೀಲದ ತೂಕ. ಚೌತಿಗೆ ನಾಲ್ಕು ದಿನ ಮುಂಚೆ ಅವರ ಮನೆಯಲ್ಲಿ ಚಕ್ಕುಲಿ ಕಂಬಳ. ಘಟ್ಟದ ಕೆಳಗಿನ ಕೆಲವರಿಗೆ ಇದು ಗೊತ್ತಿರಲಿಕ್ಕಿಲ್ಲ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ, ಒರಳು ಗಿರಳು ಏನೂ ಇಲ್ಲದೆ, ಹಿಟ್ಟನ್ನು ಬೆರಳಿನಲ್ಲೇ ಹೊಸೆದು ಚಕ್ಕುಲಿ ಸುತ್ತುವ ಕೆಲಸ. ಕೆಲಸಕ್ಕಿಂತ ಮಾತು ಜಾಸ್ತಿ, ಮಾತಿಗಿಂತ ಕವಳ ಜಾಸ್ತಿ. ನನ್ನ ಮಗಳು ನಾಲ್ಕು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ನಾಯಿ ನೋಡಿ ಮಗಳಿಗೆ ಅನುಮಾನ. ನಾನೇ ಹೇಳಿದೆ, “ಏನೂ ಮಾಡೋದಿಲ್ಲ ಬಿಡು, ಮರಿ ಇದ್ದಾಗಿಂದ ಇಂಜೆಕ್ಷನ್ನೆಲ್ಲ ನಾನೇ ಹಾಕಿದ್ದು.” ಇಂಜೆಕ್ಷನ್ ಹಾಕುವುದು ಹುಚ್ಚು ನಾಯಿ ರೋಗಕ್ಕೆ. ಕಚ್ಚದೇ ಇರಲಿ ಅಂತ ಹಾಕುವ ಇಂಜೆಕ್ಷನ್ ನನ್ನ ಚೀಲದಲ್ಲಿ ಯಾವತ್ತೂ ಇರಲಿಲ್ಲ.

ಜಗಲಿಯ ಕೊನೆಯ ಕಂಬಕ್ಕೆ ಭೀಮನನ್ನು ಕಟ್ಟಿದ್ದರು. ಉದ್ದ ಸರಪಳಿ. ಬೆಳಗಿನಿಂದ ಅದು ತಲೆ ಕೊಡವುತ್ತಿತ್ತು. ಕಿವಿ ಪಟಪಟ ಸದ್ದಾಗುತ್ತಿತ್ತು. ನಾನು ನೋಡಿದೆ. ನೊಣ ಇರಬೇಕು ಅಂದುಕೊಂಡೆ.

ಮೊಮ್ಮಗಳು ಒಂದು ಚಕ್ಕುಲಿ ತಂದು ಕೊಟ್ಟಳು. ಭೀಮ ತುಟಿಯಂಚಿನಲ್ಲಿ ಮೆಲ್ಲಗೆ ತೆಗೆದುಕೊಂಡಿತು. ಎಲ್ಲರೂ ನಕ್ಕೆವು. ಇನ್ನೊಂದು ಕೊಟ್ಟಳು. ಯಾರೋ ಮೊಬೈಲಿನಲ್ಲಿ ಫೋಟೋ ತೆಗೆದರು. ಆಮೇಲೆ ಅವಳು, ನಾಯಿಗೆ ಏನೋ ಗುಟ್ಟು ಹೇಳಬೇಕು ಅಂತ, ಅದರ ಜೋತಾಡುವ ಕಿವಿಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿ ಹತ್ತಿರ ತಂದಳು.

ಅಲ್ಲಿಂದ ಒಂದೆರಡು ಸೆಕೆಂಡು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತೆರೆದಿದ್ದ ಬಾಯಿ ಮುಚ್ಚಿತು. ಮೈ ಮರದ ಕೊರಡಿನ ಹಾಗೆ ಬಿಗಿಯಾಯಿತು. ಮುಖ ತಿರುಗಿಸದೆ ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿತು, ಕಣ್ಣಿನ ಬಿಳಿ ಕಂಡಿತು. ಮೂವತ್ತು ವರ್ಷ ಪ್ರಾಣಿಗಳ ನಡುವೆ ಇದ್ದವನು ನಾನು. ಇದರ ಅರ್ಥ ನನಗೆ ಗೊತ್ತು. ಕೈ ತುಂಬ ಹಿಟ್ಟು ಮೆತ್ತಿಕೊಂಡು ಕೂತಿದ್ದೆ. ಏಳುವಷ್ಟರಲ್ಲಿ ಆಗಿಹೋಯಿತು.

ಒಂದೇ ಸಲ ಕಚ್ಚಿ ಬಿಟ್ಟಿತು. ಎಡಗಣ್ಣಿನ ಕೆಳಗೆ ಒಂದು ಹಲ್ಲು, ಕೆನ್ನೆಯಲ್ಲಿ ಎರಡು. ಬಿಡದೆ ಹಿಡಿದು ಕೊಡವಿದ್ದರೆ ನಾನು ಇಲ್ಲಿ ಬಂದು ಮಾತಾಡುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಸಂಜೆ ನಾನು ಭೀಮನ ಬಾಯಿ ಕಟ್ಟಿಸಿ ಕಿವಿ ಎತ್ತಿ ನೋಡಿದೆ. ಒಳಗೆ ಕೆಂಪಗೆ ಬಾತಿತ್ತು, ಕಂದು ಬಣ್ಣದ ಗಲೀಜು, ಕೆಟ್ಟ ವಾಸನೆ. ನಮ್ಮ ಮಳೆಗಾಲದ ತೇವಕ್ಕೆ ಜೋಲು ಕಿವಿಯ ನಾಯಿಗಳಿಗೆ ಇದು ಮಾಮೂಲಿ. ಎಷ್ಟು ದಿನದಿಂದ ನೋಯುತ್ತಿತ್ತೋ. ಬೆಳಗಿನಿಂದ ತಲೆ ಕೊಡವಿ ಕೊಡವಿ ಹೇಳುತ್ತಲೇ ಇತ್ತಲ್ಲ. ಕೇಳಿಸಿಕೊಳ್ಳಬೇಕಾಗಿದ್ದ ಡಾಕ್ಟರು ಅಲ್ಲೇ ಕೂತು ಚಕ್ಕುಲಿ ಸುತ್ತುತ್ತಿದ್ದ.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಭೀಮ ಮರಿ ಇದ್ದಾಗ ಬಂದವರನ್ನು ಕಂಡು ಗುರುಗುಟ್ಟಿದರೆ ಭಾವ ಕೋಲಿನಲ್ಲಿ ಎರಡು ಬಿಡುತ್ತಿದ್ದರಂತೆ. ಮರ್ಯಾದೆ ಕಲಿಯಲಿ ಅಂತ. ಅದು ಕಲಿತದ್ದು ಬೇರೆ. ಗುರುಗುಟ್ಟುವುದು ನಾಯಿಯ ಮಾತು, ‘ದೂರ ಹೋಗು, ನನಗೆ ಆಗುತ್ತಿಲ್ಲ’ ಅನ್ನುವ ಮಾತು. ಆ ಮಾತಿಗೆ ಏಟು ಬಿದ್ದರೆ ನಾಯಿ ಮಾತು ಬಿಡುತ್ತದೆ. ಸಿಟ್ಟು ಬಿಡುವುದಿಲ್ಲ. ಆಮೇಲೆ ಜನ ಹೇಳುತ್ತಾರೆ, ಸುಮ್ನೆ ಇದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚಿತು ಅಂತ. ಬಾಲ ಅಲ್ಲಾಡಿಸುತ್ತಿತ್ತಲ್ಲ ಅಂತಲೂ ಹೇಳುತ್ತಾರೆ. ಮೈಯೆಲ್ಲ ಸಡಿಲವಾಗಿ ಬಾಲ ಆಡಿದರೆ ಅದು ಖುಷಿ. ಮೈ ಬಿಗಿದುಕೊಂಡು ಬಾಲದ ತುದಿ ಮಾತ್ರ ಆಡುತ್ತಿದ್ದರೆ ಅದು ಖುಷಿಯಲ್ಲ.

ನಾಯಿ ಸಾಕಿದವರಲ್ಲಿ ಒಂದು ವಾದ ಇದೆ. ತಳಿಯಲ್ಲಿ ಏನಿಲ್ಲ, ಎಲ್ಲಾ ಸಾಕುವುದರಲ್ಲಿದೆ ಅಂತ. ಅರ್ಧ ನಿಜ. ನನ್ನ ನೌಕರಿಯಲ್ಲಿ ನನ್ನನ್ನು ಅತಿ ಹೆಚ್ಚು ಸಲ ಕಚ್ಚಿದ್ದು ಪಾಮೇರಿಯನ್. ಒಂದು ಪಟ್ಟಿ ಸುತ್ತಿಕೊಂಡು ಮುಂದಿನ ನಾಯಿ ನೋಡಿದ್ದೇನೆ. ಯಾವ ನಾಯಿಯೂ ಕಚ್ಚಬಹುದು. ಕಚ್ಚಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಅದರ ತೂಕ ಮತ್ತು ದವಡೆ ತೀರ್ಮಾನ ಮಾಡುತ್ತವೆ. ರಾಟ್‌ವೀಲರ್ ಜರ್ಮನಿಯ ರಾಟ್‌ವೈಲ್ ಅನ್ನುವ ಊರಿನ ಕಡೆಯದು, ಕಟುಕರ ದನಗಳನ್ನು ಹೊಡೆದುಕೊಂಡು ಹೋಗಲು ಸಾಕಿದ ನಾಯಿ. ದೊಡ್ಡ ಎತ್ತಿಗೇ ಹೆದರದ ಪ್ರಾಣಿ ಅದು. ಪಿಟ್‌ಬುಲ್‌ನ ಮೂಲ ಇಂಗ್ಲೆಂಡಿನಲ್ಲಿ ಗೂಳಿಯ ಮೇಲೆ ಬಿಡುತ್ತಿದ್ದ ನಾಯಿಗಳು. 1835ರಲ್ಲಿ ಆ ಆಟ ನಿಷೇಧವಾದ ಮೇಲೆ ನಾಯಿಗೆ ನಾಯಿ ಬಿಟ್ಟು ಕಾಳಗ ಮಾಡಿಸಿದರು. ಹಿಡಿದರೆ ಬಿಡದ ನಾಯಿಯೇ ಗೆಲ್ಲುವುದು, ಅದರ ಮರಿಗೇ ಬೆಲೆ. ಹಾಗೆ ಆರಿಸಿ ಆರಿಸಿ ಬೆಳೆಸಿದ ಗುಣ ನಮ್ಮ ಅಂಗಳದಲ್ಲಿ ಅನ್ನ ಹಾಲು ಹಾಕಿದ ಮಾತ್ರಕ್ಕೆ ಎಲ್ಲಿಗೆ ಹೋಗುತ್ತದೆ? 2022ರಲ್ಲಿ ಲಖನೌದಲ್ಲಿ ಪಿಟ್‌ಬುಲ್ ದಾಳಿಗೆ ಸತ್ತವರು ಅದೇ ಮನೆಯ ಅಜ್ಜಿ. 2024ರ ಮೇ ತಿಂಗಳಲ್ಲಿ ಚೆನ್ನೈಯ ಪಾರ್ಕಿನಲ್ಲಿ ಐದು ವರ್ಷದ ಹುಡುಗಿಯ ಮೇಲೆ ಎರಗಿದ್ದು ಎರಡು ರಾಟ್‌ವೀಲರ್.

ಸರ್ಕಾರ ಏನು ಮಾಡುತ್ತಿದೆ ಅಂತ ಕೇಳಬಹುದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 23 ತಳಿಗಳ ಮಾರಾಟ, ಮರಿ ಮಾಡಿಸುವುದು ನಿಲ್ಲಿಸಿ ಅಂತ ರಾಜ್ಯಗಳಿಗೆ ಪತ್ರ ಬರೆಯಿತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಅಂತ ಮುಂದಿನ ತಿಂಗಳೇ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಸಾಕಿದ ಪ್ರಾಣಿಯ ವಿಷಯದಲ್ಲಿ ಎಚ್ಚರ ತಪ್ಪಿ ಜನರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು, ಐದು ಸಾವಿರದವರೆಗೆ ದಂಡ ಇದೆ. ಇರಲಿ. ಸ್ವಂತ ಮೊಮ್ಮಗುವಿಗೆ ಕಚ್ಚಿಸಿಕೊಂಡವರು ಯಾರ ಮೇಲೆ ಕೇಸು ಹಾಕುತ್ತಾರೆ?

ಮಕ್ಕಳಿಗೆ ಯಾಕೆ ಜಾಸ್ತಿ ಅಪಾಯ ಅನ್ನುವುದಕ್ಕೆ ದೊಡ್ಡ ಓದು ಬೇಡ. ನಾಲ್ಕು ವರ್ಷದ ಮಗುವಿನ ಪಕ್ಕ ಭೀಮನಂಥ ನಾಯಿ ನಿಲ್ಲಿಸಿ ನೋಡಿ. ಮುಖಕ್ಕೆ ಮುಖ ಸಮ. ನಮಗಾದರೆ ಕೈಗೋ ಕಾಲಿಗೋ ಬೀಳುವ ಹಲ್ಲು ಮಗುವಿಗೆ ಮುಖ, ಕುತ್ತಿಗೆಗೆ ಬೀಳುತ್ತದೆ. ಮಗುವಿನ ತೂಕ ಹದಿನೈದು ಕಿಲೋ. ನಾಯಿ ಆಟಕ್ಕೆ ಹಾರಿದರೂ ಜಗಲಿಯಿಂದ ಕೆಳಗೆ. ಪ್ರೀತಿ ಬಂದರೆ ಮಗು ತಬ್ಬಿಕೊಳ್ಳುತ್ತದೆ. ಕುತ್ತಿಗೆಗೆ ಕೈ ಹಾಕಿ ಹಿಡಿಯುವುದು ಎಷ್ಟೋ ನಾಯಿಗಳಿಗೆ ಹಿಂಸೆ. ಹೆದರಿದರೆ ಮಗು ಕಿರುಚಿ ಓಡುತ್ತದೆ. ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ.

ನನಗೆ ಇದಕ್ಕಿಂತಲೂ ಹೆದರಿಕೆ ಆಗುವುದು ಬಾಳಂತನದ ಮನೆ ಕಂಡರೆ. ಮಗಳು ತವರಿಗೆ ಬರುತ್ತಾಳೆ, ತೊಟ್ಟಿಲು ಕಟ್ಟುತ್ತಾರೆ. ಅಲ್ಲಿಯವರೆಗೆ ಒಳಕೋಣೆಯ ತನಕ ಓಡಾಡುತ್ತಿದ್ದ ನಾಯಿಯನ್ನು ಹೊರಗೆ ಹಾಕುತ್ತಾರೆ. ಒಳಗಿನಿಂದ ಅದು ಯಾವತ್ತೂ ಕೇಳದ ಅಳು. ಕೀರಲು ದನಿ, ಕೈಕಾಲು ಬಡಿಯುವ ಸಣ್ಣ ಜೀವ. ಇದು ಮನುಷ್ಯರ ಕೂಸು ಅಂತ ಆ ನಾಯಿಗೆ ಅರ್ಥವಾಗಿದೆಯೋ, ಬೇಟೆಯ ಹಾಗೆ ಕೇಳುತ್ತಿದೆಯೋ ನಮಗೆ ಹೇಗೆ ಗೊತ್ತಾಗಬೇಕು? ಬಾಳಂತಿ ಮೀಯಲು ಬಚ್ಚಲಿಗೆ ಹೋಗಿರುತ್ತಾಳೆ, ಅಮ್ಮ ಒಲೆಯ ಮುಂದೆ, ಬಾಗಿಲು ಸುಮ್ಮನೆ ಎಳೆದುಕೊಂಡಿರುತ್ತದೆ. ಚಿಲಕ ಹಾಕಿ. ಇಷ್ಟೇ ನಾನು ಹೇಳುವುದು. ಕೂಸು ಇರುವ ಕೋಣೆಗೆ ಚಿಲಕ ಇಲ್ಲದಿದ್ದರೆ ಇವತ್ತೇ ಹಾಕಿಸಿ.

ಮಕ್ಕಳು ಊರಿಗೆ ಬರುವ ದಿನ, ಅವರು ಕಾರಿನಿಂದ ಇಳಿಯುವ ಮೊದಲೇ ನಾಯಿ ಗೂಡಿನಲ್ಲಿರಲಿ. ಕಂಬಕ್ಕೆ ಕಟ್ಟಿದರೆ ಸಾಲದು, ಸರಪಳಿ ಮುಟ್ಟುವಷ್ಟು ದೂರಕ್ಕೆ ಮಗುವೂ ಹೋಗುತ್ತದೆ. ವರ್ಷವಿಡೀ ಕಟ್ಟಿ ಹಾಕಿದ ನಾಯಿಗೆ ಸಿಡುಕೂ ಜಾಸ್ತಿ, ದಿನಾ ಒಮ್ಮೆ ತೋಟ ಸುತ್ತಿಸಿ. ಅನ್ನ ಗೂಡಿನೊಳಗೇ ಹಾಕಿ. ಮಗು ಮತ್ತು ನಾಯಿ ಒಂದೇ ಕಡೆ ಇದ್ದರೆ ನಡುವೆ ದೊಡ್ಡವರೊಬ್ಬರು ಇರಬೇಕು. ಬರೀ ಇದ್ದರೆ ಆಗುವುದಿಲ್ಲ, ನಮ್ಮ ಜಗಲಿಯಲ್ಲಿ ಅವತ್ತು ಹನ್ನೊಂದು ಜನ ಇದ್ದೆವು. ತಿನ್ನುವ, ಮಲಗಿದ, ಮರಿ ಹಾಕಿದ ನಾಯಿಯ ಹತ್ತಿರ ಹೋಗಬಾರದು ಅಂತ ಮಕ್ಕಳಿಗೆ ಹೇಳಿ. ನಾಯಿ ಮೇಲೆ ಬಂದರೆ ಓಡದೆ ಕಂಬದ ಹಾಗೆ ನಿಲ್ಲಬೇಕು, ಬಿದ್ದರೆ ಮುದುಡಿಕೊಂಡು ಕಿವಿ ಕುತ್ತಿಗೆ ಮುಚ್ಚಿಕೊಳ್ಳಬೇಕು ಅಂತ ಆಟದ ಹಾಗೆ ಆಡಿಸಿ ಕಲಿಸಿ. ಆದರೆ ಮಗು ಅದನ್ನು ನೆನಪಿಟ್ಟುಕೊಳ್ಳುತ್ತದೆ ಅಂತ ನಂಬಿ ಕೂರಬೇಡಿ.

ಕಚ್ಚಿಯೇ ಬಿಟ್ಟರೆ ಮೊದಲು ನಲ್ಲಿ. ಹರಿಯುವ ನೀರು, ಸಾಬೂನು, ಹದಿನೈದು ನಿಮಿಷ. ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅಳುವ ಮಗುವನ್ನು ಹಿಡಿದುಕೊಂಡು ಹದಿನೈದು ನಿಮಿಷ ಎಷ್ಟು ಉದ್ದ ಅಂತ ನನಗೆ ಅವತ್ತು ಗೊತ್ತಾಯಿತು. ತಂಗಿ ಪಾಪ ಅರಿಶಿನದ ಡಬ್ಬಿ ಹಿಡಿದುಕೊಂಡು ಓಡಿ ಬಂದಳು. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಬೇಡ. ಚರ್ಮ ಹರಿದ ಗಾಯ ಅಂದರೆ ರೇಬೀಸ್, ಅದೇ ಹುಚ್ಚು ನಾಯಿ ರೋಗದ, ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಅನ್ನುವ ಇಂಜೆಕ್ಷನ್ ಬೇಕೇ ಬೇಕು. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಲಸಿಕೆ ಇತ್ತು, ಅದು ಇರಲಿಲ್ಲ. ಮಳೆಯಲ್ಲಿ ಇನ್ನೊಂದಕ್ಕೆ ಓಡಿದೆವು. ಹಾಗಾಗಿ ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಡಾಕ್ಟರು ತಕ್ಷಣ ಹೊಲಿಗೆ ಹಾಕದಿದ್ದರೆ ಜಗಳ ಮಾಡಬೇಡಿ, ಇಂಥ ಗಾಯಕ್ಕೆ ಆ ಇಂಜೆಕ್ಷನ್ ಆದ ಮೇಲೇ ಹೊಲಿಗೆ, ಅದೂ ಸಡಿಲವಾಗಿ. ಲಸಿಕೆಯನ್ನು ಚರ್ಮದೊಳಗೆ ಚುಚ್ಚುವುದಾದರೆ ಮೊದಲ ದಿನವನ್ನು ಸೊನ್ನೆ ಅಂತ ಎಣಿಸಿ, ಆಮೇಲೆ 3, 7, 28ನೇ ದಿನ. ಸ್ನಾಯುವಿಗೆ ಚುಚ್ಚುವುದಾದರೆ ನಡುವೆ 14ನೇ ದಿನವೂ ಇದೆ. ನಮ್ಮ ನಾಯಿಗೆ ಲಸಿಕೆ ಆಗಿದೆಯಲ್ಲ ಅಂತ ಮಗುವಿನದನ್ನು ತಪ್ಪಿಸಬೇಡಿ. ಆ ರೋಗ ಶುರುವಾದ ಮೇಲೆ ಔಷಧ ಇಲ್ಲ.

ಮೊಮ್ಮಗಳು ಹುಷಾರಾದಳು. ಕಣ್ಣಿನ ಕೆಳಗೆ ಅಕ್ಕಿ ಕಾಳಿನಷ್ಟು ಗುರುತು ಉಳಿದಿದೆ. ಭೀಮ ಈಗಲೂ ಅದೇ ಮನೆಯಲ್ಲಿದೆ. ಕಿವಿಗೆ ತಿಂಗಳಿಗೊಮ್ಮೆ ಔಷಧ, ಕೊಟ್ಟಿಗೆಯ ಪಕ್ಕ ಕಬ್ಬಿಣದ ಗೂಡು. ನಾವು ಹೋದಾಗೆಲ್ಲ ದಣಪೆಯ ಹತ್ತಿರ ಗಾಡಿ ನಿಲ್ಲಿಸಿ ಫೋನ್ ಮಾಡುತ್ತೇವೆ. ಭಾವ ಒಳಗಿನಿಂದ ಕೂಗುತ್ತಾರೆ: “ಗೂಡಿಗೆ ಹಾಕಿದ್ದಿ, ಕೀಲಿಕೈ ನನ್ನ ಹತ್ರನೇ ಇದ್ದು, ಬನ್ನಿ.” ನಾನು ಮೊಮ್ಮಗಳ ಕಡೆ ತಿರುಗಿ, ನಡಿ ಹೋಗೋಣ ಅನ್ನುತ್ತೇನೆ. ಅವಳು ಇಳಿಯುವುದಿಲ್ಲ. ಅಜ್ಜ, ನೀನು ಹೋಗಿ ಬೀಗ ಎಳೆದು ನೋಡಿ ಬಾ ಅನ್ನುತ್ತಾಳೆ. ಹೋಗಿ ಎಳೆದು ನೋಡಿ ಬರುತ್ತೇನೆ.

ನಮಸ್ಕಾರ.